ಕೋಲ್ಕತ್ತದ ಹಳೆಯ ಮನೆಗಳು, ಹಳೆಯ ಓಣಿಗಳು

ಹದಿನೆಂಟನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಕಟ್ಟಿದ ಮನೆ, ಮಾರುಕಟ್ಟೆ, ಕಚೇರಿ, ಗುಡಿ, ಮಸೀದಿ, ಇಗರ್ಜಿಗಳು ಇಂದಿಗೂ ಒತ್ತೊತ್ತಾಗಿ ಉಳಿದಿರುವ ನಗರಗಳು ಭಾರತದಲ್ಲಿ ಹೆಚ್ಚಿಲ್ಲ. ಕೋಲ್ಕತ್ತ ಅವುಗಳಲ್ಲಿ ಮುಂಚೂಣಿಯದು. ಹುಗ್ಲಿ ನದಿಯ ಪೂರ್ವ ದಡದ ಈ ಊರು ಬ್ರಿಟಿಷ್ ಭಾರತದ ರಾಜಧಾನಿಯಾಗಿತ್ತು. ರಾಜಧಾನಿಯನ್ನು ದೆಹಲಿಗೆ ಸಾಗಿಸುವ ಘೋಷಣೆ ಹೊರಬಿದ್ದದ್ದು 1911ರ ಡಿಸೆಂಬರ್ 12ರಂದು. ವಿಕ್ಟೋರಿಯಾ ಮೆಮೋರಿಯಲ್, ರಾಜಭವನ, ಹೈಕೋರ್ಟ್ ಮುಂತಾದ ದೊಡ್ಡ ಕಟ್ಟಡಗಳನ್ನು ಎಲ್ಲರೂ ಬಲ್ಲರು. ಆದರೆ ಊರಿನ ಚಹರೆ ನಿಂತಿರುವುದು ಶ್ಯಾಮಬಜಾರ್, ಬಾಗ್‌ಬಜಾರ್, ಪಾಥುರಿಯಾಘಾಟ, ಬೌಬಜಾರ್, ಭವಾನೀಪುರಗಳ ಓಣಿಗಳಲ್ಲಿ, ಗೋಡೆಗೆ ಗೋಡೆ ತಾಗಿಸಿಕೊಂಡ ಸಾಮಾನ್ಯರ ಮನೆಗಳಲ್ಲಿ. ಸಂರಕ್ಷಣೆಯ ಕಾನೂನು ಇಲ್ಲಿ ಕಟ್ಟಡಗಳನ್ನು ಒಂದೊಂದಾಗಿ ಎಣಿಸುತ್ತದೆ, ಓಣಿಯನ್ನು ಎಣಿಸುವುದಿಲ್ಲ. ಕಳೆದ ನಾಲ್ಕು ದಶಕಗಳ ಗೆಲುವು ಸೋಲುಗಳೆರಡೂ ಬಹುಮಟ್ಟಿಗೆ ಈ ಒಂದು ಸಂಗತಿಯನ್ನು ಅವಲಂಬಿಸಿವೆ.

1690ರ ಆಗಸ್ಟ್ 24ರಂದು ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕ್ ಸುತಾನುಟಿ ಎಂಬ ಹಳ್ಳಿಯ ದಡದಲ್ಲಿ ಇಳಿದ. ಆ ದಿನವನ್ನೇ ನಗರದ ಹುಟ್ಟುಹಬ್ಬ ಎಂದು ಬಹುಕಾಲ ಆಚರಿಸುತ್ತಿದ್ದರು. ಸುತಾನುಟಿ, ಕಲಿಕಾತಾ, ಗೋವಿಂದಪುರ ಎಂಬ ಮೂರು ಹಳ್ಳಿಗಳು ಅದಕ್ಕೂ ಮೊದಲೇ ಇದ್ದವು. ಊರಿಗೆ ಒಬ್ಬನೇ ಸ್ಥಾಪಕನೆಂಬುವನಿಲ್ಲ ಎಂದು 2003ರಲ್ಲಿ ಕಲ್ಕತ್ತ ಹೈಕೋರ್ಟ್ ಹೇಳಿತು. ಚಾರ್ನಾಕನ ಸಮಾಧಿ ಸೇಂಟ್ ಜಾನ್ಸ್ ಚರ್ಚಿನ ಆವರಣದಲ್ಲಿದೆ. ಅದರ ಕಲ್ಲನ್ನು ಮದ್ರಾಸಿನ ಕಡೆಯಿಂದ ತರಿಸಿದ್ದರು. ಭೂವಿಜ್ಞಾನಿಗಳು ಆ ಬಗೆಯ ಶಿಲೆಗೆ ಅವನ ಹೆಸರಿನಿಂದಲೇ ಚಾರ್ನಾಕೈಟ್ ಎಂದು ಹೆಸರಿಟ್ಟರು. ಚಾಮರಾಜನಗರದ ಬೆಟ್ಟಗಳಲ್ಲಿಯೂ ಅದೇ ಶಿಲೆಯಿದೆ.

1757ರ ಪ್ಲಾಸಿ ಕದನದ ನಂತರ ಹೊಸ ಫೋರ್ಟ್ ವಿಲಿಯಂ ಕಟ್ಟಲು ಗೋವಿಂದಪುರವನ್ನು ಪೂರ್ತಿ ತೆರವುಗೊಳಿಸಿದರು. ಒಕ್ಕಲೆದ್ದ ಕುಟುಂಬಗಳಲ್ಲಿ ಅನೇಕವು ಉತ್ತರಕ್ಕೆ ಸರಿದವು. ಕೋಟೆಯ ಸುತ್ತಣ ಬಯಲು ಮೈದಾನವಾಗಿ ಉಳಿಯಿತು. ಅಲ್ಲಿಂದಾಚೆಗೆ ದಕ್ಷಿಣದಲ್ಲಿ ಚೌರಂಗಿಯ ಬಿಳಿಯರ ಬಂಗಲೆಗಳು, ಉತ್ತರದಲ್ಲಿ ಬಂಗಾಳಿ ವರ್ತಕರ, ಜಮೀನ್ದಾರರ ಮನೆಗಳು, ನಡುವೆ ಆರ್ಮೇನಿಯನ್ನರು, ಯಹೂದಿಗಳು, ಪಾರ್ಸಿಗಳು, ಚೀನೀಯರು, ಮಾರವಾಡಿಗಳು ಬೆರೆತ ವ್ಯಾಪಾರದ ಕೇರಿಗಳು ಬೆಳೆದವು. ರಸ್ತೆ ತೆಗೆಯಲು ಹಣ ಹೊಂದಿಸಿದ ಬಗೆಯೂ ವಿಶೇಷವಾಗಿತ್ತು. 1813ರಲ್ಲಿ ಮುಗಿದ ಟೌನ್ ಹಾಲಿಗೆ ಲಾಟರಿ ಹಣ ಬಂತು. 1817ರಲ್ಲಿ ನೇಮಕವಾದ ಲಾಟರಿ ಸಮಿತಿ ಸ್ಟ್ರ್ಯಾಂಡ್ ರೋಡ್, ಕಾಲೇಜ್ ಸ್ಟ್ರೀಟ್‌ನಂಥ ರಸ್ತೆಗಳನ್ನು ಹಾಕಿಸಿತು. ಮುಂದೆ ವಾಲ್ಟರ್ ಗ್ರಾನ್‌ವಿಲ್ ಎಂಬ ಒಬ್ಬನೇ ವಾಸ್ತುಶಿಲ್ಪಿ ಪ್ರಧಾನ ಅಂಚೆ ಕಚೇರಿ, ಹೈಕೋರ್ಟ್, ಇಂಡಿಯನ್ ಮ್ಯೂಸಿಯಂ, ವಿಶ್ವವಿದ್ಯಾಲಯದ ಸೆನೆಟ್ ಹೌಸ್ ನಾಲ್ಕನ್ನೂ ಹತ್ತು ಹನ್ನೆರಡು ವರ್ಷಗಳ ಅಂತರದಲ್ಲಿ ರೂಪಿಸಿದ. ಇವುಗಳಲ್ಲಿ ಮೂರು ಉಳಿದಿವೆ.

ಉತ್ತರ ಕೋಲ್ಕತ್ತದ ಮನೆಯೊಂದರ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೀದಿಗೆ ತಾಗಿಕೊಂಡು ಎರಡಡಿ ಎತ್ತರದ ಕಟ್ಟೆ, ಅದರ ಹೆಸರು ರೋಯಾಕ್. ನಮ್ಮ ಊರುಗಳ ಜಗಲಿಯ ಹಾಗೆ ಅದು ಅರ್ಧ ಮನೆಯದು, ಅರ್ಧ ಬೀದಿಯದು. ಸಂಜೆಯ ಹರಟೆ ನಡೆಯುತ್ತಿದ್ದುದು ಅಲ್ಲೇ. ಬಾಗಿಲು ದಾಟಿದರೆ ನಾಲ್ಕೂ ಕಡೆ ಪಡಸಾಲೆಯಿರುವ ತೆರೆದ ಅಂಗಳ. ಸಿರಿವಂತರ ಮನೆಯಾದರೆ ಅಂಗಳದ ಒಂದು ಬದಿಗೆ ಠಾಕುರ್‌ದಾಲಾನ್: ಮೂರು ಅಥವಾ ಐದು ಕಮಾನುಗಳ, ಮೆಟ್ಟಿಲೇರಿ ಹೋಗುವ ಪೂಜೆಯ ಹಜಾರ. ದುರ್ಗೆಯ ಮೂರ್ತಿ ಕೂರುವುದು ಇಲ್ಲಿ. ಕೊರಿಂಥಿಯನ್ ಕಂಬಗಳ ಮೇಲೆ ಮೊಗಲ್ ಬಗೆಯ ಎಸಳುಗಮಾನು, ಅದರ ಮೇಲೆ ಬಂಗಾಳಿ ಕುಸುರಿಯ ಗಾರೆ ಹೂಬಳ್ಳಿ ಒಂದೇ ಗೋಡೆಯಲ್ಲಿ ಕಾಣಸಿಗುತ್ತವೆ. ಯಾವ ಶೈಲಿಯ ಪುಸ್ತಕಕ್ಕೂ ಒಗ್ಗದ ಈ ಬೆರಕೆಯೇ ಕೋಲ್ಕತ್ತದ ಮನೆಯ ಸ್ವಂತಿಕೆ.

ಕಿಟಕಿಗಳು ನೆಲದಿಂದಲೇ ಏಳುತ್ತವೆ. ಹಸಿರು ಬಣ್ಣ ಬಳಿದ ಅವುಗಳ ಬಾಗಿಲಿಗೆ ಅಡ್ಡಡ್ಡ ಮರದ ಪಟ್ಟಿಗಳು. ನಡುವಿನ ಕೋಲನ್ನು ಎಳೆದರೆ ಪಟ್ಟಿಗಳೆಲ್ಲ ಒಟ್ಟಿಗೆ ತಿರುಗಿ ಗಾಳಿ ಒಳಬರುತ್ತದೆ. ಬಿಸಿಲು, ಮಳೆ ಹೊರಗೇ ಉಳಿಯುತ್ತವೆ. ಒಳಗಿನ ಹೆಂಗಸರಿಗೆ ಬೀದಿ ಕಾಣುತ್ತದೆ, ಬೀದಿಗೆ ಅವರು ಕಾಣುವುದಿಲ್ಲ. ನೆಲಕ್ಕೆ ತಂಪಾದ ಕೆಂಪು ಗಾರೆ, ಅಂಚಿಗೆ ಕಪ್ಪು ಪಟ್ಟಿ. ಗೋಡೆಗಳು ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದವು. ಚಾವಣಿಗೆ ಕಡಿ-ಬರಗಾ, ಅಂದರೆ ತೊಲೆ ಮತ್ತು ಜಂತೆ. ಮೇಲೆ ಚಪ್ಪಟೆ ಇಟ್ಟಿಗೆ, ಅದರ ಮೇಲೆ ಇಟ್ಟಿಗೆಚೂರು ಬೆರೆಸಿದ ಸುಣ್ಣದ ದಪ್ಪ ಪದರ. ಸುಣ್ಣಕ್ಕೆ ಬೆಲ್ಲ, ಮೆಂತ್ಯದ ನೀರು ಸೇರಿಸಿ, ಕೂಲಿಗಳು ಸಾಲಾಗಿ ಕೂತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು ಅದನ್ನು ಗಟ್ಟಿ ಮಾಡುತ್ತಿದ್ದರು. ಬಡಿತದ ಲಯಕ್ಕೆ ಹಾಡುವ ಚಾವಣಿ ಹಾಡುಗಳೆಂಬ ಪ್ರಕಾರವೇ ಬಂಗಾಳಿ ಜನಪದದಲ್ಲಿ ಬೆಳೆಯಿತು.

ಈ ಗೋಡೆಗಳು ತೇವವನ್ನು ಹೀರಿ ಹೊರಬಿಡುತ್ತವೆ. ಇವಕ್ಕೆ ಸಿಮೆಂಟಿನ ಗಿಲಾವು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಉಪ್ಪು ಮೂಡಿ ಇಟ್ಟಿಗೆ ಪುಡಿಯಾಗುತ್ತದೆ. ಕೋಲ್ಕತ್ತದ ಎಷ್ಟೋ ಮನೆಗಳು ಕೆಟ್ಟಿರುವುದು ನಿರ್ಲಕ್ಷ್ಯದಿಂದಲ್ಲ, ತಪ್ಪು ದುರಸ್ತಿಯಿಂದ. ಬಿರುಕಿನಲ್ಲಿ ಹಕ್ಕಿ ಬೀಳಿಸಿದ ಬೀಜದಿಂದ ಅರಳಿ, ಆಲದ ಸಸಿ ಹುಟ್ಟಿ ಬೇರು ಇಳಿಸಿದರೆ, ಅದನ್ನು ಕೀಳುವ ಖರ್ಚಿಗೆ ಮನೆಯವರು ಒಮ್ಮತಕ್ಕೆ ಬರುವಷ್ಟರಲ್ಲಿ ಗೋಡೆ ಸೀಳಿರುತ್ತದೆ.

ಆ ಒಮ್ಮತ ಯಾಕೆ ಕಷ್ಟ ಎಂಬುದಕ್ಕೆ ಹಳೆಯ ಧರ್ಮಶಾಸ್ತ್ರದವರೆಗೆ ಹೋಗಬೇಕಾಗುತ್ತದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಗೆ ಭಾರತದ ಹೆಚ್ಚಿನ ಭಾಗದಲ್ಲಿ ಅನ್ವಯವಾದದ್ದು ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರ. ಬಂಗಾಳ ಮಾತ್ರ ಜೀಮೂತವಾಹನನ ದಾಯಭಾಗವನ್ನು ಹಿಡಿಯಿತು. ದಾಯಭಾಗದಲ್ಲಿ ಮಗನಿಗೆ ಹುಟ್ಟಿನಿಂದ ಹಕ್ಕಿಲ್ಲ. ತಂದೆ ತೀರಿಕೊಂಡಾಗ ವಾರಸುದಾರರಿಗೆ ಗೊತ್ತಾದ ಪಾಲು ಬರುತ್ತದೆ, ಆ ಪಾಲನ್ನು ಪ್ರತಿಯೊಬ್ಬನೂ ಮಾರಬಲ್ಲ. ನಾಲ್ಕೈದು ತಲೆಮಾರು ಕಳೆಯುವಷ್ಟರಲ್ಲಿ ಒಂದು ಮನೆಗೆ ಹತ್ತಾರು ಪಾಲುದಾರರು. ಕೆಲವರು ಕೆಳಗಿನ ಕೋಣೆಯಲ್ಲಿ, ಕೆಲವರು ಅಮೆರಿಕದಲ್ಲಿ. ಬಂಗಾಳಿಯಲ್ಲಿ ಇಂಥ ಮನೆಯನ್ನು ಶರೀಕಿ ಬಾಡಿ ಎನ್ನುತ್ತಾರೆ. ಚಾವಣಿ ಸೋರಿದರೆ ದುಡ್ಡು ಕೊಡುವವರು ಯಾರೆಂಬುದು ಅಲ್ಲಿ ಮುಗಿಯದ ವ್ಯಾಜ್ಯ.

ಈ ಮನೆಗಳನ್ನು ಕಟ್ಟಿದ, ಸಾಕಿದ ಹಣ ಬಹುಪಾಲು ಹಳ್ಳಿಗಾಡಿನ ಜಮೀನ್ದಾರಿಯ ಕಂದಾಯದ್ದು. 1947ರ ವಿಭಜನೆಯಲ್ಲಿ ಪೂರ್ವ ಬಂಗಾಳದ ಜಮೀನು ಗಡಿಯಾಚೆ ಉಳಿಯಿತು. 1953ರ ಕಾಯ್ದೆ ಪಶ್ಚಿಮ ಬಂಗಾಳದ ಜಮೀನ್ದಾರಿಯನ್ನೂ ಮುಗಿಸಿತು. ಅದು ನ್ಯಾಯವಾದ ಕಾಯ್ದೆಯೇ. ಆದರೆ ಮಹಲುಗಳ ಆದಾಯ ಅಲ್ಲಿಗೆ ನಿಂತಿತು. ಕೋಣೆಗಳನ್ನು ಬಾಡಿಗೆಗೆ ಕೊಟ್ಟರು. ಬಾಡಿಗೆ ನಿಯಂತ್ರಣ ಕಾಯ್ದೆಯಿಂದಾಗಿ ಎಷ್ಟೋ ಕಡೆ ಬಾಡಿಗೆ ದಶಕಗಳ ಹಿಂದಿನ ಮಟ್ಟದಲ್ಲೇ ಉಳಿದು, ಇಡೀ ಮನೆಯ ವರಮಾನ ಒಂದು ಕಿಟಕಿಯ ದುರಸ್ತಿಗೂ ಸಾಲದಾಯಿತು. ಪಾಲಿಕೆಯವರು ಇಂಥ ಗೋಡೆಗಳಿಗೆ ತೂಗುಹಾಕುವ ‘ವಿಪಜ್ಜನಕ ಬಾಡಿ’, ಅಂದರೆ ಅಪಾಯಕಾರಿ ಮನೆ, ಎಂಬ ಫಲಕ ಉತ್ತರ ಕೋಲ್ಕತ್ತದಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಫಲಕದ ಕೆಳಗೇ ಹೊಲಿಗೆಯಂಗಡಿ, ಪುಸ್ತಕದಂಗಡಿ ನಡೆಯುತ್ತಿರುತ್ತವೆ. ಬಾಡಿಗೆದಾರ ಹೊರಬಿದ್ದರೆ ಮತ್ತೆ ಒಳಬರುವ ಭರವಸೆಯಿಲ್ಲ, ಆದ್ದರಿಂದ ಬೀಳುವ ಮನೆಯಲ್ಲೇ ಇರುತ್ತಾನೆ.

ಆಗ ಬರುವವನು ಪ್ರೊಮೋಟರ್. ಕಟ್ಟಡ ಕೆಡವಿ ಫ್ಲಾಟು ಕಟ್ಟುವ ಉದ್ಯಮಿಗೆ ಕೋಲ್ಕತ್ತದವರು ಬಳಸುವ ಹೆಸರು ಅದು. ಪಾಲುದಾರರಿಗೆ ತಲಾ ಒಂದು ಫ್ಲಾಟು, ಬಾಡಿಗೆದಾರನಿಗೆ ಒಂದು ಕೋಣೆ ಅಥವಾ ಕೈತುಂಬ ಹಣ, ಉಳಿದದ್ದು ಮಾರಾಟಕ್ಕೆ. ಪಾಲು ಹರಿದ ಮನೆಯ ಜಗಳವನ್ನು ಇಷ್ಟು ಸಲೀಸಾಗಿ ಬಗೆಹರಿಸುವ ಉಪಾಯವನ್ನು ಸಂರಕ್ಷಣೆಯ ಕಡೆಯವರು ಇನ್ನೂ ಕಂಡುಕೊಂಡಿಲ್ಲ. ಒಂದು ಸಂಗತಿ ಇಲ್ಲಿ ಗಮನಾರ್ಹ: ನಗರಪಾಲಿಕೆಯ ಮೂಲ ವ್ಯಾಪ್ತಿಯ ಜನಸಂಖ್ಯೆ 2001ರ 45.7 ಲಕ್ಷದಿಂದ 2011ರಲ್ಲಿ 44.9 ಲಕ್ಷಕ್ಕೆ ಇಳಿದಿತ್ತು. ಮನೆಗಳನ್ನು ಕೆಡವುತ್ತಿರುವುದು ಜನದ ಒತ್ತಡ ಎನ್ನುವ ವಾದಕ್ಕೆ ಈ ಅಂಕಿ ಬಲ ಕೊಡುವುದಿಲ್ಲ. ಕೆಡವುತ್ತಿರುವುದು ನೆಲದ ಬೆಲೆ.

ಇಷ್ಟರ ನಡುವೆ ರಾಜಬಾಡಿ ಎನ್ನುವ ಸಿರಿವಂತರ ಹಲವು ಮಹಲುಗಳು ಉಳಿದುಕೊಂಡವು, ಅದೂ ಕಾನೂನಿನ ಇನ್ನೊಂದು ಹಳೆಯ ದಾರಿಯಿಂದ. ಮನೆಯ ಭಾಗವನ್ನು ಕುಲದೇವರ ಹೆಸರಿಗೆ ಬರೆದಿಟ್ಟ ದೇವೋತ್ತರ ಆಸ್ತಿಯನ್ನು ವಾರಸುದಾರರು ಸುಲಭಕ್ಕೆ ಮಾರುವಂತಿಲ್ಲ. ಅವರು ಬರೀ ಸೇವಾಯಿತರು, ಅಂದರೆ ದೇವರ ಸೇವೆಯ ಹೊಣೆ ಹೊತ್ತವರು. ದುರ್ಗಾಪೂಜೆಯನ್ನು ಪಾಲುದಾರ ಮನೆತನಗಳು ವರ್ಷಕ್ಕೊಬ್ಬರಂತೆ ಸರದಿಯಲ್ಲಿ ನಡೆಸುತ್ತವೆ. ಶೋಭಾಬಜಾರಿನಲ್ಲಿ ನವಕೃಷ್ಣ ದೇವ್ 1757ರಲ್ಲಿ ಆರಂಭಿಸಿದನೆನ್ನುವ ಪೂಜೆ ಇಂದಿಗೂ ನಡೆಯುತ್ತಿದೆ. ಪೂಜೆ ಬಂತೆಂದರೆ ಠಾಕುರ್‌ದಾಲಾನಿಗೆ ಸುಣ್ಣ, ಕಂಬಕ್ಕೆ ಗಾರೆ. ಯಾವ ಸರ್ಕಾರಿ ಅನುದಾನಕ್ಕಿಂತಲೂ ಈ ವಾರ್ಷಿಕ ಸುಣ್ಣವೇ ಉತ್ತರ ಕೋಲ್ಕತ್ತದ ಅಂಗಳಗಳನ್ನು ಹೆಚ್ಚು ಕಾಪಾಡಿದೆ ಎಂದರೆ ಅತಿಶಯವಲ್ಲ. 2021ರಲ್ಲಿ ಕೋಲ್ಕತ್ತದ ದುರ್ಗಾಪೂಜೆಯನ್ನು ಯುನೆಸ್ಕೊ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಪೂಜೆಗೆ ಆಸರೆಯಾದ ಅಂಗಳಗಳಿಗೆ ಅದರಿಂದ ನೇರ ರಕ್ಷಣೆಯೇನೂ ದಕ್ಕಲಿಲ್ಲ.

ಕಳೆದುಹೋದವುಗಳ ಪಟ್ಟಿ ಉದ್ದ. ಕಾಲೇಜ್ ಸ್ಟ್ರೀಟಿನಲ್ಲಿ 1872ರಲ್ಲಿ ಮುಗಿದ ಸೆನೆಟ್ ಹೌಸ್, ಎತ್ತರದ ಕಂಬಸಾಲಿನ ಭವ್ಯ ಸಭಾಂಗಣ, 1960ರ ಹೊತ್ತಿಗೆ ನೆಲಸಮವಾಗಿ ಆ ಜಾಗದಲ್ಲಿ ಶತಮಾನೋತ್ಸವ ಭವನ ಎದ್ದಿತು. ಕೆಡವಿದ್ದು ಸ್ವತಃ ವಿಶ್ವವಿದ್ಯಾಲಯ. ಜೋಡಾಸಾಂಕೊದಲ್ಲಿ ರವೀಂದ್ರನಾಥ ಠಾಕೂರರು ಹುಟ್ಟಿ, 1941ರಲ್ಲಿ ಕೊನೆಯುಸಿರೆಳೆದ 6ನೇ ನಂಬರಿನ ಮನೆ ಈಗ ರವೀಂದ್ರ ಭಾರತಿ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯ. ಪಕ್ಕದ 5ನೇ ನಂಬರಿನ ಮನೆ ಅವನೀಂದ್ರನಾಥ, ಗಗನೇಂದ್ರನಾಥರದು. ಬಂಗಾಳ ಚಿತ್ರಕಲಾ ಪಂಥ ಬೆಳೆದದ್ದು ಅದರ ದಕ್ಷಿಣದ ಪಡಸಾಲೆಯಲ್ಲಿ. ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥರ ಶಿಷ್ಯರಾಗಿ ಕಲಿತವರು. ಆ ಪಡಸಾಲೆಯೂ ಇಲ್ಲ, ಮನೆಯೂ ಇಲ್ಲ. 1940ರ ದಶಕದಲ್ಲಿ ಮಾರಾಟವಾಗಿ ಕೆಡವಲ್ಪಟ್ಟಿತು. ಊರಿನ ಮೊದಲ ಕಾಯಂ ಸಿನಿಮಾ ಮಂದಿರ, ಜೆ. ಎಫ್. ಮದನ್ 1907ರಲ್ಲಿ ತೆರೆದ ಎಲ್ಫಿನ್‌ಸ್ಟನ್ ಪಿಕ್ಚರ್ ಪ್ಯಾಲೆಸ್, ಕೊನೆಯ ದಿನಗಳಲ್ಲಿ ಚಾಪ್ಲಿನ್ ಎಂಬ ಹೆಸರು ಹೊತ್ತು 2013ರಲ್ಲಿ ಹೋಯಿತು.

ಸಂಘಟಿತ ಪ್ರತಿರೋಧ ಶುರುವಾದದ್ದು 1984ರಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ಸ್ಥಾಪನೆಯಾದ ಮೇಲೆ. 1997ರಲ್ಲಿ ಕೋಲ್ಕತ್ತ ನಗರಪಾಲಿಕೆಯ 1980ರ ಕಾಯ್ದೆಗೆ ಪರಂಪರೆಯ ಕಟ್ಟಡಗಳ ಕುರಿತ ಪ್ರತ್ಯೇಕ ಅಧ್ಯಾಯ ಸೇರಿತು. ಪಾರಂಪರಿಕ ಸಂರಕ್ಷಣಾ ಸಮಿತಿ ಬಂತು. 2001ರ ಕಾಯ್ದೆ ರಾಜ್ಯ ಪರಂಪರೆ ಆಯೋಗಕ್ಕೆ ದಾರಿ ಮಾಡಿತು. 2009ರಲ್ಲಿ ಪಾಲಿಕೆ ದರ್ಜೆವಾರು ಪಟ್ಟಿ ಪ್ರಕಟಿಸಿತು: ಒಂದು, ಎರಡು-ಎ, ಎರಡು-ಬಿ, ಮೂರು. ಮೊದಲ ದರ್ಜೆಯ ಕಟ್ಟಡದ ಹೊರರೂಪವನ್ನು ಮುಟ್ಟುವಂತಿಲ್ಲ. ಕೆಳಗಿಳಿದಂತೆ ಸಡಿಲಿಕೆ ಹೆಚ್ಚುತ್ತದೆ. ಮೂರನೆಯ ದರ್ಜೆಯದನ್ನು ಕೆಡವಲೂ ಬಹುದು, ಅಲ್ಲಿ ಏನಿತ್ತೆಂದು ಹೇಳುವ ಫಲಕ ಹಾಕಿದರಾಯಿತು.

ಸಂರಕ್ಷಣೆಯ ಗೆಲುವು ಸೋಲಿನ ಎರಡು ತುದಿಗಳನ್ನು ಎರಡು ಕಟ್ಟಡಗಳು ತೋರಿಸುತ್ತವೆ. ಡಾಲ್‌ಹೌಸಿ ಚೌಕದ ಕರೆನ್ಸಿ ಬಿಲ್ಡಿಂಗ್ 1833ರದು. ಮೊದಲು ಆಗ್ರಾ ಬ್ಯಾಂಕು ಅಲ್ಲಿತ್ತು. 1868ರಿಂದ ಸರ್ಕಾರ ನೋಟು ಹೊರಡಿಸುವ ಕಚೇರಿಯಾಯಿತು. ಮೂರು ಅಂತಸ್ತು, ಇಟಲಿಯ ಬಗೆಯ ಮುಖ, ಕಬ್ಬಿಣದ ಕುಸುರಿ ಕೆಲಸದ ಮೂರು ಭಾಗದ ಹೆಬ್ಬಾಗಿಲು, ನಡುವೆ ಗುಮ್ಮಟಗಳ ಹಜಾರ. 1996ರಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆ ಹೊಸ ಕಟ್ಟಡ ಏರಿಸಲೆಂದು ಇದನ್ನು ಕೆಡವಲು ಕೈಹಾಕಿತು. ಇಂಟ್ಯಾಕ್ ಮತ್ತು ನಗರಪಾಲಿಕೆ ಅಡ್ಡ ನಿಂತು ತಡೆಯುವಷ್ಟರಲ್ಲಿ ನಡುವಿನ ಗುಮ್ಮಟಗಳು ಹೋಗಿದ್ದವು. ಮುಂದೆ ಪುರಾತತ್ತ್ವ ಸರ್ವೇಕ್ಷಣೆ ಅದನ್ನು ವಶಕ್ಕೆ ತೆಗೆದುಕೊಂಡು ವರ್ಷಗಟ್ಟಲೆ ದುರಸ್ತಿ ಮಾಡಿತು. 2020ರ ಜನವರಿಯಲ್ಲಿ ಮೆಟ್‌ಕಾಫ್ ಹಾಲ್, ಬೆಲ್ವೆಡೇರ್ ಭವನ, ವಿಕ್ಟೋರಿಯಾ ಮೆಮೋರಿಯಲ್‌ಗಳೊಂದಿಗೆ ಪ್ರಧಾನಿ ಅದನ್ನು ಲೋಕಾರ್ಪಣೆ ಮಾಡಿದರು. ಬಿದ್ದ ಗುಮ್ಮಟಗಳನ್ನು ಹೊಸದಾಗಿ ಕಟ್ಟುವ ಗೋಜಿಗೆ ಹೋಗಲಿಲ್ಲ. ಹಜಾರ ಈಗ ಬಾನಿಗೆ ತೆರೆದ ಅಂಗಳ, ಕಮಾನುಗಳ ಕಡಿದ ಅಂಚು ಹಾಗೆಯೇ ಕಾಣುತ್ತದೆ. ಅದು ಸರಿಯಾದ ನಿರ್ಧಾರ. ಗಾಯವೂ ಕಟ್ಟಡದ ಚರಿತ್ರೆಯ ಭಾಗ.

ಇನ್ನೊಂದು, ಲಿಟ್ಲ್ ರಸೆಲ್ ಸ್ಟ್ರೀಟಿನ ಹಳೆಯ ಕೆನಿಲ್‌ವರ್ತ್ ಹೋಟೆಲಿನ ಮನೆ. ಎರಡು-ಎ ದರ್ಜೆಯಲ್ಲಿದ್ದ ಇದನ್ನು ಮೂರನೆಯ ದರ್ಜೆಗೆ ಇಳಿಸಲಾಯಿತು. ಹಾಗಾದ ಮೇಲೆ ಕೆಡವಲು ಅಡ್ಡಿಯಿರಲಿಲ್ಲ. ‘ಪುರೋನೊ ಕೋಲ್ಕತಾರ್ ಗೊಲ್ಪೊ’ (ಹಳೆಯ ಕೋಲ್ಕತ್ತದ ಕತೆ) ಬಳಗದ ಯುವಕರು, ವಾಸ್ತುಶಿಲ್ಪಿಗಳು ರಸ್ತೆಗಿಳಿದರೂ ಮನೆ ಉಳಿಯಲಿಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ರಕ್ಷಣೆ ಎಂದು ನಂಬಿದ್ದವರಿಗೆ ಪಟ್ಟಿಯನ್ನೇ ತಿದ್ದಬಹುದೆಂದು ಆಗ ಅರ್ಥವಾಯಿತು. ದರ್ಜೆ ಇಳಿಸುವ ತೀರ್ಮಾನಕ್ಕೆ ಸಾರ್ವಜನಿಕ ವಿಚಾರಣೆ ಕಡ್ಡಾಯವಾಗಬೇಕೆಂಬ ಬೇಡಿಕೆ ನ್ಯಾಯವಾದದ್ದು, ಅದು ಈಡೇರುವವರೆಗೆ ಯಾವ ಕಟ್ಟಡವೂ ಪೂರ್ತಿ ಸುರಕ್ಷಿತವಲ್ಲ.

ಪಟ್ಟಿ ಗುರುತಿಸದೆ ಬಿಟ್ಟವುಗಳದು ಬೇರೆ ದುಃಖ. 1930ರಿಂದ 1950ರವರೆಗೆ ಭವಾನೀಪುರ, ಬಾಲಿಗಂಜ್, ಲೇಕ್ ಸುತ್ತಮುತ್ತ ವಕೀಲರು, ಡಾಕ್ಟರುಗಳು, ಮಾಸ್ತರರು ಕಟ್ಟಿಸಿಕೊಂಡ ಎರಡು ಮೂರು ಅಂತಸ್ತಿನ ಮನೆಗಳು: ಅರ್ಧಗೋಲದ ಬಾಲ್ಕನಿ, ಉದಯಸೂರ್ಯನ ಕಿರಣದಂಥ ಕಬ್ಬಿಣದ ಗ್ರಿಲ್, ಮೆಟ್ಟಿಲ ಗೋಡೆಗೆ ಉದ್ದನೆಯ ಗಾಜು, ಕೆಂಪು ನೆಲ, ಹಸಿರು ಪಟ್ಟಿ ಕಿಟಕಿ. ಒಂದರಂತೆ ಇನ್ನೊಂದಿಲ್ಲ. ರಾಜ ಕಟ್ಟಿಸಿದ್ದಲ್ಲ, ಮಹಾಪುರುಷರು ಹುಟ್ಟಿದ್ದಲ್ಲ ಎಂಬ ಕಾರಣಕ್ಕೆ ಇವು ಪಟ್ಟಿಯ ಹೊರಗೆ. ಲೇಖಕ ಅಮಿತ್ ಚೌಧುರಿ 2015ರಲ್ಲಿ ಇವುಗಳ ಪರವಾಗಿ ದನಿಯೆತ್ತಿದರು. ಅಮರ್ತ್ಯ ಸೆನ್ ಸೇರಿದಂತೆ ಹಲವರು ಬೆಂಬಲಿಸಿದರು. ಅವರು ಕೇಳಿದ್ದು ಎರಡು: ಇಡೀ ಬೀದಿಗಳನ್ನು ಪರಂಪರೆಯ ವಲಯವೆಂದು ಸಾರಬೇಕು, ಮನೆ ಉಳಿಸಿಕೊಂಡ ಮಾಲೀಕ ತಾನು ಕಟ್ಟದೆ ಬಿಟ್ಟ ಅಂತಸ್ತುಗಳ ಹಕ್ಕನ್ನು ಬೇರೆಡೆ ಮಾರುವಂತಾಗಬೇಕು. ಈ ಎರಡನೆಯ ವ್ಯವಸ್ಥೆ ಮುಂಬಯಿಯಲ್ಲಿ 1990ರ ದಶಕದಲ್ಲೇ ಬಂದಿತ್ತು. ಅಹಮದಾಬಾದ್ ತನ್ನ ಪೋಳ್‌ಗಳ, ಅಂದರೆ ಹಳೆಯ ಕೇರಿಗಳ, ಮನೆಮಾಲೀಕರಿಗೂ ಅದನ್ನು ಕೊಟ್ಟಿತು. ಅಲ್ಲಿನ ಕೋಟೆಯೊಳಗಿನ ಊರು 2017ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು.

ನೆಲದ ಮೇಲಿನ ಒತ್ತಡ ಸಾಲದೆಂಬಂತೆ ನೆಲದಡಿಯ ಮೆಟ್ರೊ ಸುರಂಗಗಳಿಂದಲೂ ಕೋಲ್ಕತ್ತಕ್ಕೆ ಆಪತ್ತು ಬಂದಿದೆ. ಧರ್ಮತಲಾದ ಮೂಲೆಯಲ್ಲಿ ಹಲವು ಗುಮ್ಮಟಗಳ ಟಿಪ್ಪು ಸುಲ್ತಾನ್ ಮಸೀದಿಯಿದೆ. 1806ರ ವೆಲ್ಲೂರು ದಂಗೆಯ ಬಳಿಕ ಕಂಪನಿ ಟಿಪ್ಪುವಿನ ಮಕ್ಕಳನ್ನು ಕಲ್ಕತ್ತೆಗೆ ಸಾಗಿಸಿತು. ಶ್ರೀರಂಗಪಟ್ಟಣದ ಮನೆತನ ಟಾಲಿಗಂಜ್‌ನಲ್ಲಿ ನೆಲೆಯೂರಿತು. ಕಿರಿಯ ಮಗ ಗುಲಾಮ್ ಮುಹಮ್ಮದ್ 1842ರಲ್ಲಿ ಈ ಮಸೀದಿ ಕಟ್ಟಿಸಿದ. ತನಗೆ ಬರಬೇಕಿದ್ದ ಬಾಕಿ ಪಿಂಚಣಿ 1840ರಲ್ಲಿ ಕೈಸೇರಿದ್ದರ ನೆನಪಿಗೆ ಎಂದು ಅಲ್ಲಿನ ಶಾಸನ ಹೇಳುತ್ತದೆ. ದಕ್ಷಿಣದ ಪ್ರಿನ್ಸ್ ಅನ್ವರ್ ಶಾ ರಸ್ತೆ ಇದೇ ಮನೆತನದ ಗುರುತು. 1980ರ ದಶಕದಲ್ಲಿ ಪಕ್ಕದ ಎಸ್‌ಪ್ಲನೇಡ್‌ನಲ್ಲಿ ಮೆಟ್ರೊ ಸುರಂಗ ತೋಡುವಾಗ ಮಸೀದಿಗೆ ಧಕ್ಕೆಯಾಯಿತು. ದುರಸ್ತಿಗಾಗಿಯೇ ಸಮಿತಿಯೊಂದು ಹುಟ್ಟಿಕೊಂಡಿತು.

ಮೈಸೂರಿನ ಇನ್ನೊಂದು ರಾಜಮನೆತನದ ನೆನಪೂ ಈ ಊರಿನಲ್ಲಿದೆ. ಹತ್ತನೆಯ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯ ಪ್ರವಾಸದಲ್ಲಿದ್ದಾಗ ಗಂಟಲಮಾರಿಗೆ ತುತ್ತಾಗಿ ತೀರಿಕೊಂಡರು. ಕಾಳಿಘಾಟಿನ ಪಕ್ಕದ ಕೇವಡಾತಲಾದಲ್ಲಿ, ಆದಿಗಂಗೆಯ ದಡದಲ್ಲಿ ಅವರ ಅಂತ್ಯಕ್ರಿಯೆ ನಡೆದ ಕಡೆ ದಕ್ಷಿಣದ ಗೋಪುರ ಶೈಲಿಯ ಸ್ಮಾರಕವಿದೆ. ಸ್ಥಳೀಯರು ಆ ಜಾಗವನ್ನು ಮೈಸೂರು ಗಾರ್ಡನ್ ಎನ್ನುತ್ತಾರೆ. ಕನ್ನಡ ನಾಡಿಗೆ ಇಷ್ಟು ಹತ್ತಿರದ ಈ ಎರಡು ಕಟ್ಟಡಗಳ ಬಗ್ಗೆ ಕನ್ನಡದಲ್ಲಿ ಬರವಣಿಗೆ ಕಡಿಮೆ.

ಮೆಟ್ರೊ ಸುರಂಗದಿಂದ ಟಿಪ್ಪು ಸುಲ್ತಾನ್ ಮಸೀದಿಗೆ ಆದದ್ದು ಧಕ್ಕೆ. ಬೌಬಜಾರಿಗೆ ಆದದ್ದು ಅದಕ್ಕಿಂತ ದೊಡ್ಡದು. 2019ರ ಆಗಸ್ಟ್ 31ರಂದು ಪೂರ್ವ-ಪಶ್ಚಿಮ ಮೆಟ್ರೊಗಾಗಿ ಕೊರೆಯುತ್ತಿದ್ದ ಯಂತ್ರ ಅಂತರ್ಜಲದ ಪದರಕ್ಕೆ ತಾಗಿ, ನೀರು ಮಣ್ಣು ಸುರಂಗಕ್ಕೆ ನುಗ್ಗಿತು. ಮೇಲಿನ ದುರ್ಗಾ ಪಿತೂರಿ ಲೇನ್, ಸ್ಯಾಕ್ರಾಪಾಡಾ ಲೇನ್‌ಗಳ ಮನೆಗಳು ಸೀಳಿ ಕುಸಿದವು. ನೂರಾರು ಜನ ಉಟ್ಟ ಬಟ್ಟೆಯಲ್ಲಿ ಹೋಟೆಲುಗಳಿಗೆ ಹೋಗಬೇಕಾಯಿತು. ಸ್ಯಾಕ್ರಾ ಎಂದರೆ ಅಕ್ಕಸಾಲಿಗ. ಕೆಳಗೆ ಕುಲುಮೆ, ಮೇಲೆ ಸಂಸಾರ ಎಂಬ ಹಾಗೆ ತಲೆಮಾರುಗಳಿಂದ ಬದುಕಿದ ಕೇರಿಯದು. 2022ರಲ್ಲಿ ಮತ್ತೆ ಎರಡು ಸಲ ಬಿರುಕು ಬಿಟ್ಟಿತು. ಅಲ್ಲೇ ಹತ್ತಿರದ ಕರೆನ್ಸಿ ಬಿಲ್ಡಿಂಗ್ ಮತ್ತು ಯಹೂದಿಗಳ ಪ್ರಾರ್ಥನಾಮಂದಿರಗಳಾದ ಸಿನಗಾಗ್‌ಗಳ ಬಳಿ ಸುರಂಗ ಹಾಯಿಸಲು ರಾಷ್ಟ್ರೀಯ ಸ್ಮಾರಕಗಳ ಕಾಯ್ದೆಯಡಿ ಅನುಮತಿ, ಅಧ್ಯಯನ, ಕಂಪನ ಮಾಪನ ಎಲ್ಲ ಬೇಕಾಗಿತ್ತು. ಅಕ್ಕಸಾಲಿಗರ ಓಣಿ ಯಾವ ಸ್ಮಾರಕ ಪಟ್ಟಿಯಲ್ಲೂ ಇರಲಿಲ್ಲ. ಸುರಂಗ 2025ರ ಆಗಸ್ಟಿನಲ್ಲಿ ಸಂಚಾರಕ್ಕೆ ತೆರೆಯಿತು.

ಬೌಬಜಾರಿಗೆ ಅಂಟಿಕೊಂಡಂತೆಯೇ ಟಿರೆಟ್ಟಾ ಬಜಾರ್. ಎಡ್ವರ್ಡ್ ಟಿರೆಟ್ಟಾ ಎಂಬ ಇಟಲಿಯವನ ಹೆಸರಿನ ಈ ಮಾರುಕಟ್ಟೆಯ ಸುತ್ತ ಭಾರತದ ಅತಿ ಹಳೆಯ ಚೀನೀ ಕೇರಿ ಬೆಳೆಯಿತು. ಕ್ಯಾಂಟನ್ನಿನ ಬಡಗಿಗಳು, ಹಕ್ಕಾ ಚಮ್ಮಾರರು, ಹುಬೇ ಪ್ರಾಂತದ ಹಲ್ಲಿನ ವೈದ್ಯರು ತಂತಮ್ಮ ಊರಿನವರ ಸಂಘಗಳನ್ನು ಕಟ್ಟಿಕೊಂಡರು. ಸೀ ಇಪ್, ತೂಂಗ್ ಆನ್, ನಾಮ್ ಸೂನ್ ಎಂಬ ಆ ಸಂಘಭವನಗಳನ್ನು ಊರವರು ಚೀನೀ ಚರ್ಚುಗಳೆನ್ನುತ್ತಾರೆ. ಒಳಗಿರುವುದು ಗ್ವಾನ್‌ಯಿನ್ ದೇವಿ, ಯುದ್ಧವೀರ ಗ್ವಾನ್ ಯೂ. 1962ರ ಯುದ್ಧದ ವೇಳೆ ಸಾವಿರಾರು ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿ ಶಿಬಿರಕ್ಕೆ ಕಳಿಸಿದರು. ಆ ಅನ್ಯಾಯದಿಂದ ಸಮುದಾಯ ಚೇತರಿಸಿಕೊಳ್ಳಲೇ ಇಲ್ಲ. ಬಹಳಷ್ಟು ಮಂದಿ ಕೆನಡಾ, ಆಸ್ಟ್ರೇಲಿಯಾಗಳಿಗೆ ಹೋದರು. ಚೀನೀಯರ ಇನ್ನೊಂದು ಕೇರಿಯಾದ ಟಾಂಗ್ರಾದ, ಚರ್ಮ ಹದ ಮಾಡುವ ಕಾರ್ಖಾನೆಗಳನ್ನು 1996ರ ಸುಪ್ರೀಂ ಕೋರ್ಟ್ ಆದೇಶ ಊರಾಚೆ ಕಳಿಸಿತು. ಟಿರೆಟ್ಟಾದಲ್ಲಿ ಬೆಳಗಿನ ಉಪಾಹಾರದ ಸಂತೆ ಇನ್ನೂ ಸೇರುತ್ತದೆ, ಸಂಘಭವನಗಳ ಕೆಂಪು ಬಾಗಿಲು ತೆರೆಯುತ್ತದೆ, ಸುತ್ತಲಿನ ಮನೆಗಳಲ್ಲಿ ಮಾತ್ರ ಚೀನೀ ಹೆಸರಿನ ಫಲಕಗಳು ವಿರಳ. ಯಹೂದಿಗಳದ್ದೂ ಇದೇ ಸ್ಥಿತಿ. ಬೆರಳೆಣಿಕೆಯ ಜನ ಉಳಿದಿದ್ದಾರೆ. ಆದರೂ 1884ರ ಮೇಗನ್ ಡೇವಿಡ್ ಮತ್ತು 1856ರ ಬೆತ್ ಎಲ್ ಸಿನಗಾಗ್‌ಗಳು ದುರಸ್ತಿಗೊಂಡು 2017ರ ಕೊನೆಯಲ್ಲಿ ತೆರೆದವು. ಅವುಗಳ ಕಾವಲು, ಚೊಕ್ಕಟ ನೋಡಿಕೊಳ್ಳುತ್ತ ಬಂದವರು ಮುಸ್ಲಿಂ ಕುಟುಂಬಗಳು.

ಓಣಿಯನ್ನೇ ಒಂದು ಘಟಕವಾಗಿ ಕಾಣುವ ಕ್ರಮ ಪೂರ್ವ ಏಷ್ಯಾದಲ್ಲಿ ಬೇಗ ಬೇರೂರಿತು. ಜಪಾನ್ 1975ರಲ್ಲಿ ತನ್ನ ಸಾಂಸ್ಕೃತಿಕ ಆಸ್ತಿ ಕಾಯ್ದೆಯನ್ನು ತಿದ್ದಿ, ಪಾರಂಪರಿಕ ಕಟ್ಟಡಗಳ ಸಮೂಹವನ್ನೇ ಸಂರಕ್ಷಿತ ವಲಯವಾಗಿಸಿತು. ಕ್ಯೋಟೊ 2007ರಲ್ಲಿ ನಗರದ ಒಳಭಾಗದ ಕಟ್ಟಡಗಳ ಎತ್ತರದ ಮಿತಿಯನ್ನು 45 ಮೀಟರಿನಿಂದ 31ಕ್ಕೆ ಇಳಿಸಿತು. ಆದರೂ ಅಲ್ಲಿನ ಮಾಚಿಯಾ ಎಂಬ ಮರದ ಮನೆಗಳು ಕಣ್ಮರೆಯಾಗುವುದು ನಿಂತಿಲ್ಲ. ತೆರಿಗೆ, ಭೂಕಂಪದ ನಿಯಮ, ಮುದಿ ಮಾಲೀಕರು ಅಲ್ಲಿನ ತೊಡಕು. ಹಾಂಗ್‌ಕಾಂಗಿನ ವಾನ್‌ಚಾಯ್‌ನಲ್ಲಿ ನೀಲಿ ಮನೆಗಳ ಗುಂಪನ್ನು ಬಾಡಿಗೆದಾರರನ್ನು ಹೊರಹಾಕದೆಯೇ ದುರಸ್ತಿ ಮಾಡಿದರು. 2017ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಉನ್ನತ ಪ್ರಶಸ್ತಿ ಅದಕ್ಕೆ ಬಂತು. ಮಲೇಷ್ಯಾದ ಜಾರ್ಜ್ ಟೌನ್ ಮಾತ್ರ ಎಚ್ಚರದ ಪಾಠ. 2000ದಲ್ಲಿ ಬಾಡಿಗೆ ನಿಯಂತ್ರಣ ತೆಗೆದದ್ದೇ ತಡ, ಹಳೆಯ ಒಕ್ಕಲುಗಳು ಖಾಲಿಯಾದವು. 2008ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಗುವ ಹೊತ್ತಿಗೆ ಅಂಗಡಿಮನೆಗಳು ಉಳಿದಿದ್ದವು, ಅವುಗಳಲ್ಲಿದ್ದ ಕಸುಬುದಾರರು ಹೋಗಿದ್ದರು. ಕೋಲ್ಕತ್ತದ ಬಾಡಿಗೆ ಕಾಯ್ದೆ ಬದಲಾಗಲೇಬೇಕು. ಹೇಗೆ ಬದಲಾಗಬೇಕೆಂಬುದಕ್ಕೆ ಹಾಂಗ್‌ಕಾಂಗಿನ ದಾರಿ ಜಾರ್ಜ್ ಟೌನಿನದಕ್ಕಿಂತ ಮೇಲು.

ಊರಿನಲ್ಲೇ ಒಳ್ಳೆಯ ಮಾದರಿಗಳಿವೆ. 1991ರಲ್ಲಿ ಸುಟ್ಟುಹೋದ ಸ್ಟಾರ್ ಥಿಯೇಟರನ್ನು ಪಾಲಿಕೆ ಹಳೆಯ ಮುಖವನ್ನು ಉಳಿಸಿ ಮತ್ತೆ ಕಟ್ಟಿ 2004ರಲ್ಲಿ ತೆರೆಯಿತು. ಅದೇ ವರ್ಷ ರಾಮಕೃಷ್ಣ ಮಿಷನ್ ವಿವೇಕಾನಂದರ ಹುಟ್ಟುಮನೆಯನ್ನು ಜೀರ್ಣೋದ್ಧಾರ ಮಾಡಿ ಜನರಿಗೆ ಒಪ್ಪಿಸಿತು. ಪಾಲು ಪಾಲಾಗಿ ಹರಿದು, ಬಾಡಿಗೆದಾರರಿಂದ ತುಂಬಿದ್ದ ಆ ಮನೆಯನ್ನು ಬಿಡಿಸಿಕೊಳ್ಳಲು, ಒಕ್ಕಲುಗಳಿಗೆಲ್ಲ ಬೇರೆ ನೆಲೆ ಕಲ್ಪಿಸಲು ಮಿಷನ್‌ಗೆ ಬಹಳ ವರ್ಷ ಹಿಡಿಯಿತು. ಶ್ಯಾಮಬಜಾರ್ ಬಳಿಯ ಹಳೆಯ ಮನೆಯೊಂದು ‘ಕಲ್ಕತ್ತ ಬಂಗ್ಲೊ’ ಎಂಬ ಅತಿಥಿಗೃಹವಾಗಿ, ಕೆಂಪು ನೆಲ, ಪಟ್ಟಿ ಕಿಟಕಿಗಳ ಸಮೇತ ದುಡಿಯುತ್ತಿದೆ. ಹುಗ್ಲಿಯ ಆಚೆ ದಡದ ಶ್ರೀರಾಂಪುರದಲ್ಲಿ ಡೆನ್ಮಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಮತ್ತು ರಾಜ್ಯ ಪರಂಪರೆ ಆಯೋಗ ಕೂಡಿ ಹಳೆಯ ಡೇನಿಷ್ ವಸಾಹತಿನ ಒಂದು ಭಾಗವನ್ನೇ ಎತ್ತಿ ನಿಲ್ಲಿಸಿದವು. ಸೇಂಟ್ ಓಲಾವ್ ಚರ್ಚಿನ ಕೆಲಸಕ್ಕೆ 2016ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂತು. ಪಾಳುಬಿದ್ದಿದ್ದ ಡೆನ್ಮಾರ್ಕ್ ಟ್ಯಾವರ್ನ್ 2018ರಲ್ಲಿ ಮತ್ತೆ ಊಟ, ವಸತಿಯ ಮನೆಯಾಯಿತು. ಸುಣ್ಣ ಸುರ್ಕಿಯ ಕೆಲಸ ಬಲ್ಲ ಗಾರೆಯವರಿಗೆ ಇಂಥ ಕಡೆಗಳಲ್ಲಿ ಮತ್ತೆ ಬೇಡಿಕೆ ಹುಟ್ಟಿದೆ. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ, 2016ರಲ್ಲಿ ದೇವರಾಜ ಮಾರುಕಟ್ಟೆಯ ಭಾಗ ಕುಸಿದಾಗ ಕೆಡವಬೇಕೋ ಉಳಿಸಬೇಕೋ ಎಂಬ ವಾದದಲ್ಲೇ ವರ್ಷಗಳು ಸಂದವು. ಅಂಥ ಹೊತ್ತಿನಲ್ಲಿ ಕರ್ನಾಟಕದವರು ಹೋಗಿ ನೋಡಿಬರಬೇಕಾದ ಊರು ಶ್ರೀರಾಂಪುರ.

ದೊಡ್ಡ ಕೆಲಸಗಳು ಬಾಕಿಯಿವೆ. ಡಾಲ್‌ಹೌಸಿ ಚೌಕವನ್ನು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2004 ಮತ್ತು 2006ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತ್ತು. 1930ರಲ್ಲಿ ರೈಟರ್ಸ್ ಬಿಲ್ಡಿಂಗ್‌ಗೆ ನುಗ್ಗಿದ ಮೂವರು ಕ್ರಾಂತಿಕಾರಿಗಳ ಹೆಸರಿನಲ್ಲಿ ಬಿನಯ್-ಬಾದಲ್-ದಿನೇಶ್ ಬಾಗ್ ಆಗಿರುವ ಈ ಚೌಕದ ಉತ್ತರ ಬದಿಯನ್ನು ಇಡಿಯಾಗಿ ಆ ಕೆಂಪು ಕಟ್ಟಡ ತುಂಬಿಕೊಂಡಿದೆ. 2013ರ ಅಕ್ಟೋಬರಿನಲ್ಲಿ ಅದರಲ್ಲಿದ್ದ ರಾಜ್ಯ ಸಚಿವಾಲಯ ದುರಸ್ತಿಗಾಗಿ ನದಿಯಾಚೆಯ ನಬನ್ನ ಕಟ್ಟಡಕ್ಕೆ ಹೋಯಿತು. ಕೆಲವು ತಿಂಗಳ ಕೆಲಸವೆಂದು ಆರಂಭವಾದ ದುರಸ್ತಿ ದಶಕ ದಾಟಿತು. ಬೀದಿಯ ಚಹರೆಯ ಭಾಗವೇ ಆಗಿದ್ದ ಟ್ರಾಮನ್ನೂ, ಮೈದಾನ್-ಎಸ್‌ಪ್ಲನೇಡ್ ನಡುವಿನ ತುಂಡು ಹಳಿಯೊಂದನ್ನು ಬಿಟ್ಟು, ನಿಲ್ಲಿಸುವುದಾಗಿ ರಾಜ್ಯ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಹೇಳಿತು. 1873ರಲ್ಲಿ ಕುದುರೆ ಟ್ರಾಮಾಗಿ ಶುರುವಾಗಿ 1902ರಲ್ಲಿ ವಿದ್ಯುತ್ತಿಗೆ ಬದಲಾದ ಸಾರಿಗೆ ಅದು. ಟ್ರಾಮ್ ಬಳಕೆದಾರರ ಸಂಘದವರು ಮಾರ್ಗಗಳನ್ನು ಮತ್ತೆ ತೆರೆಯಬೇಕೆಂದು ಒತ್ತಾಯಿಸುತ್ತಿದ್ದಾರೆ, ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಏರಿದೆ.